ಬಿಜಲಿ ಬೆಳಗಾವಿಗೆ ಬಂದ ದಾರಿ

ನಾನು ಒಂದು ನಾಯಿ. ಸೈನ್ಯಕ್ಕೆ ನಾಯಿಗಳನ್ನು ಸಾಕುವ ಕೇಂದ್ರವೊಂದರಲ್ಲಿ, ಸಿಮೆಂಟಿನ ನೆಲದ ಮೇಲೆ ಹುಟ್ಟಿದೆ. ಬಿಜಲಿ ಎಂದು ಹೆಸರಿಟ್ಟರು. ಮಣ್ಣಿನಲ್ಲಿ ಹೂತಿಟ್ಟ ಬಾಂಬನ್ನು ಮೂಸಿ ಹುಡುಕಲು ಕಲಿಸಿದರು.

ಮೊದಲು ನನ್ನನ್ನು ನೋಡಿಕೊಂಡ ಸರ್ದಾರಜಿ ವರ್ಗವಾಗಿ ಹೋದ. ಆಮೇಲೆ ನನ್ನ ಹಗ್ಗ ಬೆಳಗಾವಿ ಕಡೆಯ ಹವಾಲ್ದಾರ ಈರಪ್ಪನ ಕೈಗೆ ಬಂತು. ಅಸ್ಸಾಮಿನ ಕಾಡುದಾರಿಗಳಲ್ಲಿ ವರ್ಷಗಟ್ಟಲೆ ನಾನು ಮುಂದೆ, ಅವನು ಹಿಂದೆ. ಅಪ್ಪಣೆಯೆಲ್ಲ ಹಿಂದಿಯಲ್ಲಿ, ಕೆಲಸ ಮುಗಿದ ಮೇಲೆ ಮಾತ್ರ ಕನ್ನಡ. ಅವನ ಬಾಯಲ್ಲಿ ಕನ್ನಡ ಕೇಳಿದರೆ ಸಾಕು, ನಾನು ಕಾಲು ಚಾಚಿ ಮಲಗಿಬಿಡುತ್ತಿದ್ದೆ.

ಅವನು ನಿವೃತ್ತನಾಗಿ ಊರಿಗೆ ಹೋದ. ನಾನು ಉಳಿದೆ. ನನ್ನ ಹಿಂಗಾಲುಗಳು ಸೋತು ಕೆಲಸದಿಂದ ಬಿಡಿಸಿದಾಗ, ಅನುಮತಿ ಪಡೆದು ನನ್ನನ್ನು ಕರೆದೊಯ್ಯಲು ಅವನೇ ಬಂದ. ರೈಲಿನಲ್ಲಿ ಮೂರು ದಿನ ಹಿಡಿಯುತ್ತದೆ, ಇದರ ಎದೆ ತಾಳಲಿಕ್ಕಿಲ್ಲ ಎಂದರು ಡಾಕ್ಟರು. ಅವನಿಗೂ ಅವಸರವಿತ್ತು. ನಾವು ಹೊರಟ ಮರುದಿನ ಬೆಳಿಗ್ಗೆಯೇ ಮಗಳು ಭಾರತಿಯ ನಿಶ್ಚಿತಾರ್ಥ.

"ಎರಡು ಸಾವಿರ ಕಿಲೋಮೀಟರ್ ಐತಿ ಬಿಜಲಿ," ಎಂದ ಗುವಾಹಟಿಯ ವಿಮಾನ ನಿಲ್ದಾಣದಲ್ಲಿ ನನ್ನ ಪಂಜರದ ಬಾಗಿಲು ಹಾಕುತ್ತಾ. "ಆದ್ರೂ ಸಂಜೀಕ ಮನ್ಯಾಗ ಇರ್ತೀವಿ."

ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಪೆಟ್ಟಿಗೆಗಳೆಲ್ಲ ಎರಡನೇ ವಿಮಾನದೊಳಗೆ ಹೋದವು. ನನ್ನ ಪಂಜರ ಮಾತ್ರ ಬಿಸಿಲಲ್ಲೇ ಉಳಿಯಿತು. ಕೆಳಗಿನ ತಗಡು ಕಾದು ಅಂಗಾಲು ಸುಟ್ಟಿತು. ನೀರಿನ ಬಟ್ಟಲು ಮಗುಚಿತ್ತು. ಬೊಗಳಿದೆ, ಆಮೇಲೆ ಬೊಗಳಲೂ ಆಗಲಿಲ್ಲ.

ಈರಪ್ಪ ವಿಮಾನದ ಕಿಟಕಿಯಿಂದ ನನ್ನನ್ನು ಕಂಡನಂತೆ. ಈ ವಿಮಾನದಲ್ಲಿ ನಾಯಿಗೆ ಜಾಗವಿಲ್ಲ, ನಾಳೆ ಕಳಿಸುತ್ತೇವೆ, ನೀವು ಕೂತುಕೊಳ್ಳಿ ಎಂದರಂತೆ ಅಲ್ಲಿಯವರು. ಅವನು ಕೂರಲಿಲ್ಲ. ಇಳಿದು, ಎರಡು ಕಡೆ ತಡೆದವರೊಡನೆ ಜಗಳವಾಡಿ ನನ್ನ ಬಳಿ ಬಂದ. ತನ್ನ ಅಂಗಿಯನ್ನು ನೀರಲ್ಲಿ ಅದ್ದಿ ನನಗೆ ಹೊದಿಸಿದ. ವಿಮಾನ ಅವನನ್ನು ಬಿಟ್ಟು ಹೋಯಿತು.

ಫೋನಿನಲ್ಲಿ ಹೆಂಡತಿ ನೀಲವ್ವನ ದನಿ ನನಗೂ ಕೇಳಿಸಿತು. "ನಾಯಿ ಸಲುವಾಗಿ ಮಗಳ ನಿಶ್ಚಯ ಬಿಡ್ತೀರೇನು?"

ಅವನು ನನ್ನ ಮೇಲಿನ ಒದ್ದೆ ಅಂಗಿಯನ್ನು ಸರಿಪಡಿಸಿದ. "ಬಿಟ್ಟು ಬಂದ್ರ ಇದು ಸಾಯ್ತೈತಿ, ನೀಲಾ," ಎಂದ.

ಮತ್ತೆ ವಿಮಾನಕ್ಕೆ ನನ್ನನ್ನು ಕೊಡಲು ಅವನಿಗೆ ಧೈರ್ಯ ಬರಲಿಲ್ಲ. ಅಲ್ಲಿಂದ ರೈಲು ಹಿಡಿದೆವು. ನನ್ನನ್ನು ಕಟ್ಟಿದ್ದು ಸಾಮಾನಿನ ಬೋಗಿಯಲ್ಲಿ. ರೈಲು ನಿಂತಲ್ಲೆಲ್ಲ ಅವನು ಓಡಿ ಬಂದು ನೀರು ಕುಡಿಸಿ, ನನ್ನ ಎದೆಗೆ ಕಿವಿಯಿಟ್ಟು ಕೇಳಿ, ಮತ್ತೆ ಓಡುತ್ತಿದ್ದ. ಮನೆ ಮುಟ್ಟುವಾಗ ಚಪ್ಪರದ ಹೂವು ಬಾಡಿತ್ತು. ಉಂಗುರ ತೊಟ್ಟ ಭಾರತಿ ಬಾಗಿಲಿಗೆ ಬಂದು, ಅಪ್ಪನನ್ನು ನೋಡಿ ಒಳಗೆ ಹೋದಳು.

ಈಗ ಹಿತ್ತಲ ಕಟ್ಟೆಯೇ ನನ್ನ ಜಾಗ. ನೀಲವ್ವ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಹಾಕುತ್ತಾಳೆ. ಭಾರತಿ ಮದುವೆಯಾಗಿ ಗಂಡನ ಮನೆಗೆ ಹೋದಳು. ಮೊನ್ನೆ ಪಂಚಮಿಗೆ ತವರಿಗೆ ಬಂದವಳು ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಎದುರಿಗಿದ್ದ ಅಪ್ಪನನ್ನು ತಲೆ ಎತ್ತದೆ ಕೇಳಿದಳು: "ಅವತ್ತು ನನ್ನ ನೆನಪು ಬರ್ಲಿಲ್ಲೇನಪ್ಪಾ?"

"ಬಂತವ್ವಾ," ಎಂದ ಈರಪ್ಪ. "ನಿನ್ನ ನೆನಪು ಬಂದಿದ್ದಕ್ಕ ಇಳಿಯೂದು ಕಷ್ಟ ಆತು."

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ಕೈಯಲ್ಲಿ ಸಿಟ್ಟು ಇನ್ನೂ ಉಳಿದಿತ್ತೋ ಇಲ್ಲವೋ, ಹೇಳಲಾರೆ. ಭಾರವಾಗಿತ್ತು. ಆದರೂ ಅವಳು ಅದನ್ನು ತೆಗೆಯದಿರಲಿ ಎಂದು ನಾನು ಅಲುಗದೆ ಮಲಗಿದ್ದೆ.