ಅಡುಗೆಮನೆಯ ಸ್ಪ್ಯಾನಿಷ್

ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಬಂದ ಯಜ್ಞನಾರಾಯಣ ಭಟ್ಟರು ಅಡುಗೆಮನೆಯ ಬಾಗಿಲಲ್ಲೇ ನಿಂತರು. ಮೊಮ್ಮಗಳು ಸಮೀಕ್ಷಾ ತುರಿಮಣೆಯ ಮೇಲೆ ಕುಳಿತು ಕಾಯಿ ತುರಿಯುತ್ತ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು. ‘ಆಬ್ಲೊ, ಆಬ್ಲಾಸ್, ಆಬ್ಲಾ, ಆಬ್ಲಾಮೊಸ್...’ ಭಾಷೆ ಯಾವುದೆಂದು ತಿಳಿಯದಿದ್ದರೂ ಅವು ಕ್ರಿಯಾಪದದ ರೂಪಗಳೆಂದು ಭಟ್ಟರಿಗೆ ಗೊತ್ತಾಯಿತು. ಉಡುಪಿಯ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸಂಸ್ಕೃತ ಕಲಿಸಿದವರು ಅವರು. ಅಲೆವೂರಿನ ಈ ಮನೆಯ ಜಗಲಿಯಲ್ಲೂ ಎಷ್ಟೋ ಹುಡುಗರ ಬಾಯಿಂದ ‘ಪಠತಿ, ಪಠತಃ, ಪಠಂತಿ’ ಹೇಳಿಸಿದ್ದರು.

ಅಜ್ಜನನ್ನು ಕಂಡದ್ದೇ ಹುಡುಗಿ ಬಾಯಿ ಮುಚ್ಚಿದಳು.

ಕೇಳಿದ ಮೇಲೆ ಒಂದೊಂದಾಗಿ ಹೇಳಿದಳು. ಮಣಿಪಾಲದ ಕಾಲೇಜಿನಲ್ಲಿ ಕಳೆದ ವರ್ಷದಿಂದ ಸ್ಪ್ಯಾನಿಷ್ ತೆಗೆದುಕೊಂಡಿದ್ದಾಳೆ. ನಾಳೆ ಮೌಖಿಕ ಪರೀಕ್ಷೆ. ಮೊದಲೆಲ್ಲ ಸಲೀಸಾಗಿ ಬರುತ್ತಿತ್ತು. ಈಚೆಗೆ ತರಗತಿಯಲ್ಲಿ ಎದ್ದು ನಿಂತರೆ ಒಂದೂ ನೆನಪಾಗುವುದಿಲ್ಲ. ನಾಳೆಯೂ ಹಾಗೇ ಆದರೆ ಆ ವಿಷಯವನ್ನೇ ಬಿಟ್ಟುಬಿಡುವುದೆಂದು ಇದ್ದಾಳೆ.

“ಬಿಡುವುದು ಎಂತಕ್ಕೆ? ನೀನು ಒಪ್ಪಿಸು, ನಾನು ಕೇಳ್ತೇನೆ,” ಎಂದರು ಭಟ್ಟರು.

“ಬೇಡ ಅಜ್ಜ.”

“ಯಾಕೆ?”

ಸಮೀಕ್ಷಾ ಕಾಯಿಯ ಕಡಿಯನ್ನು ಕೈಯಲ್ಲೇ ತಿರುಗಿಸಿದಳು. “ಅಜ್ಜನ ಎದುರು ಬೇಡ ಅಂತ ಅಜ್ಜಿ ಹೇಳಿದ್ದರು.”

ಹೆಂಡತಿ ವಸಂತಿಯಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಕೆ ಆಡಿದ ಮಾತು ಇನ್ನೂ ಹೊಸದಾಗಿ ಕಿವಿಗೆ ಬೀಳಬಹುದೆಂದು ಭಟ್ಟರು ಎಣಿಸಿರಲಿಲ್ಲ. ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಅಜ್ಜಿ ಇನ್ನೇನು ಹೇಳಿದ್ದಳೆಂದು ಕೇಳಿದರು.

ಮೊದಲ ಪಾಠದಿಂದಲೂ ಅಜ್ಜಿ ಜೊತೆಗಿದ್ದರಂತೆ. ಕ್ರಿಯಾಪದಗಳಲ್ಲಿ ಮೂರು ಬಗೆ; ಕೊನೆಯ ತುಂಡನ್ನು ತೆಗೆದು ನಾನು, ನೀನು, ಅವನು, ನಾವು ಎಂಬುದಕ್ಕೆ ತಕ್ಕ ತುಂಡನ್ನು ಸೇರಿಸಬೇಕು. ಇದನ್ನು ಒಮ್ಮೆ ಹೇಳಿದ್ದಕ್ಕೆ ಅಜ್ಜಿ, ಇದು ನಿನ್ನ ಅಜ್ಜನ ಧಾತುರೂಪವೇ ಅಲ್ವಾ, ಬಟ್ಟೆ ಮಾತ್ರ ಬೇರೆ ಉಟ್ಟಿದೆ ಎಂದಿದ್ದರಂತೆ. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾದರೆ, ‘ಅಜ್ಜ ಬಂದರು, ಇನ್ನು ಕೊತ್ತಂಬರಿಯ ವಿಷಯ ಮಾತಾಡುವ’ ಎಂದು ನಗುತ್ತಿದ್ದರಂತೆ.

“ಅವಳಿಗೆ ಎಂತಕ್ಕೆ ಸ್ಪ್ಯಾನಿಷ್?” ಎಂದುಬಿಟ್ಟರು ಭಟ್ಟರು. ಎಂದ ಮೇಲೆ ಆ ಮಾತು ತಮ್ಮದೇ ಹಳೆಯ ಮಾತೆಂದು ಗುರುತು ಹತ್ತಿತು.

ವಸಂತಿ ಪೆರ್ಡೂರಿನಿಂದ ಮದುವೆಯಾಗಿ ಬಂದ ಎರಡನೆಯ ವರ್ಷ. ಜಗಲಿಯಲ್ಲಿ ಹುಡುಗನೊಬ್ಬ ಕೈಕಟ್ಟಿ ನಿಂತು ರೂಪ ಒಪ್ಪಿಸುತ್ತ ಒಂದು ಕಡೆ ತಪ್ಪಿದ. ಪಂಚಾಂಗ ನೋಡುತ್ತಿದ್ದ ಭಟ್ಟರ ಗಮನಕ್ಕೆ ಅದು ಬರಲಿಲ್ಲ. ಒಳಗಿನಿಂದ ಹೆಣ್ಣು ದನಿಯೊಂದು ತಿದ್ದಿತು. ಹುಡುಗರು ನಕ್ಕರು. ತಿದ್ದಿದ್ದು ಸರಿಯಾಗಿತ್ತು, ಅದನ್ನೇ ಭಟ್ಟರಿಗೆ ತಡೆದುಕೊಳ್ಳಲಾಗಲಿಲ್ಲ. ಕುಳಿತಲ್ಲಿಂದಲೇ, ‘ಹೆಂಗಸರಿಗೆ ಧಾತುರೂಪ ಎಂತಕ್ಕೆ? ನೀನು ಒಲೆ ನೋಡು’ ಎಂದರು. ಹುಡುಗರು ಮತ್ತೊಮ್ಮೆ ನಕ್ಕರು, ಈ ಸಲ ಇನ್ನೂ ಜೋರಾಗಿ. ಆಮೇಲೆ ಒಳಗಿನಿಂದ ಎಂದೂ ದನಿ ಬರಲಿಲ್ಲ. ಆಕೆಗೆ ಇದರಲ್ಲಿ ಆಸಕ್ತಿಯಿಲ್ಲ ಎಂದು ಭಟ್ಟರು ನಂಬಿದರು. ಬಂದವರಿಗೂ ಹಾಗೆಯೇ ಹೇಳುತ್ತ ಬಂದರು.

ಅದನ್ನೆಲ್ಲ ಈಗ ಮೊಮ್ಮಗಳಿಗೆ ಹೇಳಿದರು. ಬಚ್ಚಿಡಲಿಲ್ಲ.

“ಅಜ್ಜಿ ಇದನ್ನು ಹೇಳಲೇ ಇಲ್ಲ,” ಎಂದಳು ಸಮೀಕ್ಷಾ. “ಶಬ್ದವಾದರೆ ಅಜ್ಜನಿಗೆ ತಲೆನೋವು ಬರ್ತದೆ ಅಂತ ಹೇಳಿದ್ದು, ಅಷ್ಟೆ.”

ಭಟ್ಟರಿಗೆ ಜನ್ಮದಲ್ಲಿ ತಲೆನೋವು ಬಂದದ್ದಿಲ್ಲ. ಅವರು ಮೊಮ್ಮಗಳ ಎದುರು ನೆಲದ ಮೇಲೆ ಕುಳಿತರು. ದಿನದಿನವೂ ಸಂಕಲ್ಪದಲ್ಲಿ ‘ಧರ್ಮಪತ್ನೀ ಸಮೇತಸ್ಯ’ ಎಂದು ದೇವರ ಮುಂದೆ ಆಕೆಯನ್ನು ಜೊತೆಗೆ ನಿಲ್ಲಿಸಿಕೊಂಡಿದ್ದರು. ಪಾಠಕ್ಕೆ ಮಾತ್ರ ಬಾಗಿಲಾಚೆ ಇಟ್ಟಿದ್ದರು. ಯಾವ ಹೆಸರಿಟ್ಟು ಇದಕ್ಕೆ ಪ್ರಾಯಶ್ಚಿತ್ತ ಮಾಡುವುದು? ಕೇಳಬೇಕಾದವಳು ಇಲ್ಲ.

ತುರಿಮಣೆಯತ್ತ ನೋಡಿ ಕೇಳಿದರು: “ನೀನು ತಪ್ಪಿದರೆ ಅಜ್ಜಿ ಎಂತ ಮಾಡ್ತಿದ್ದಳು?”

“ಏನೂ ಹೇಳ್ತಿರಲಿಲ್ಲ. ತುರಿಯುವುದನ್ನು ನಿಲ್ಲಿಸ್ತಿದ್ದರು. ನಾನೇ ಹುಡುಕಿ ಸರಿಮಾಡಿದ ಮೇಲೆ ಮತ್ತೆ ತುರಿಯುವುದು.”

“ಏಳು. ತುರಿಮಣೆ ಇತ್ತ ಕೊಡು.”

ಎಪ್ಪತ್ತಾರು ವರ್ಷಕ್ಕೆ ಭಟ್ಟರು ಮೊದಲ ಸಲ ಕಾಯಿ ತುರಿಯಲು ಕುಳಿತರು. ತುರಿಯೊಂದಿಗೆ ಕರಟದ ಪುಡಿಯೂ ಬಿತ್ತು. ಸಮೀಕ್ಷಾ ಅಳುಕುತ್ತಲೇ ತೊಡಗಿದಳು. ‘ಮಾತಾಡು’ ಎಂಬ ಕ್ರಿಯಾಪದದ ರೂಪಗಳು ಮುಗಿದವು, ‘ಉಣ್ಣು’ ಎಂಬುದರವೂ ಮುಗಿದವು. ‘ಬದುಕು’ ಎಂಬುದಕ್ಕೆ ಬಂದಾಗ, ‘ಬೀಬೊ, ಬೀಬೆಸ್, ಬೀಬೆ, ಬೀಬೇಮೊಸ್...’ ಎನ್ನುವಲ್ಲಿ ದನಿ ಸಣ್ಣದಾಯಿತು. ಸರಿಯೋ ತಪ್ಪೋ ಭಟ್ಟರಿಗೆ ತಿಳಿಯದು, ಆದರೆ ಅನುಮಾನದ ದನಿಯನ್ನು ಮೂವತ್ತನಾಲ್ಕು ವರ್ಷ ಕೇಳಿದ್ದರು. ‘ಮೊದಲಿನಿಂದ ಹೇಳು’ ಎಂಬ ಗದರಿಕೆ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ ಕೈ ನಿಲ್ಲಿಸಿದರು.

“ಬೀಬಿಮೊಸ್,” ಎಂದಳು ಅವಳು ತಾನಾಗಿ. ಉಳಿದದ್ದು ಒಂದೇ ಉಸಿರಿಗೆ ಬಂತು.

ಭಟ್ಟರು ಕಾಯಿ ಕೆಳಗಿಟ್ಟರು. “ಇನ್ನು ನನಗೆ ಹೇಳಿಕೊಡು.”

ಮೂರನೆಯ ರೂಪದಲ್ಲೇ ಅವರು ಎಡವಿದರು. ಸಮೀಕ್ಷಾ ಫಕ್ಕನೆ ನಕ್ಕು, ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು.

“ನಗು ಮಗಾ, ಅಡ್ಡಿ ಇಲ್ಲ. ಅಜ್ಜಿ ಇದನ್ನು ಎಷ್ಟು ದಿನಕ್ಕೆ ಕಲಿತಳು?”

“ಎರಡು ದಿನ.”

“ನನಗೆ ಹೆಚ್ಚು ಬೇಕಾದೀತು,” ಎಂದು ಭಟ್ಟರು ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ತೊಡಗಿದರು.