ಮಲಗಿದ್ದಾಳೆ, ಮೆಲ್ಲಗೆ ಬನ್ನಿ

ಹೆಣದ ವ್ಯಾನಿಗೆ ಒಂದು ರೇಟು, ಮಹಡಿಯಿಂದ ಇಳಿಸುವವರಿಗೆ ಇನ್ನೊಂದು, ಮೆಟ್ಟಿಲಿಗೆ ತಿರುವಿದ್ದರೆ ಮೇಲೊಂದಿಷ್ಟು. ತಿರುವಿತ್ತು. ಬೀಗ ರಿಪೇರಿಯವನು ಹೆಂಡತಿಯ ತಲೆಯ ಕಡೆ ತಾನೇ ಹಿಡಿದು ಒಬ್ಬನ ಕೂಲಿ ಉಳಿಸಿದ.

"ಇಸ್ತ್ರಿಯಕ್ಕ ಹೋದ್ಲು, ಇನ್ನು ಬೀದಿಗೆಲ್ಲ ಸುಕ್ಕು ಬಟ್ಟೇನೇ," ಕೆಳಮನೆಯ ಅಜ್ಜಿ ಮೂಗೊರೆಸಿಕೊಂಡಳು. "ನನ್ನ ಸೀರೆಗೆ ಒಂದಿನಾನೂ ಕಾಸು ಕೇಳಲಿಲ್ಲ ಮಹಾತಾಯಿ."

"ಕೇಳಿದ್ರೆ ಕೊಡ್ತಿದ್ಯಾ?" ಅಂದ ಅವಳ ಮಗ.

"ಬಾಯ್ಮುಚ್ಚೋ! ಯಾವಾಗ ಹೋಯ್ತಪ್ಪಾ ಜೀವ?"

"ಹತ್ತು ಗಂಟೆಗೆ," ಎಂದ ಬೀಗದವನು. ಅದು ಸುಳ್ಳು.

*

ಹೋಗಿದ್ದು ನಸುಕಿನಲ್ಲೇ. ಕೆಮ್ಮು ನಿಂತದ್ದರಿಂದ ಅವನಿಗೆ ತಿಳಿಯಿತು. ಬಿಸಿಲೇರಿದರೂ ಮುಟ್ಟಿ ನೋಡುವ ಧೈರ್ಯ ಬರಲಿಲ್ಲ.

ಔಷಧಿ ಬಾಡಿಗೆಯನ್ನು ನುಂಗಿದ ಮೇಲೆ ಇಬ್ಬರೂ ಒಂದೇ ಕೋಣೆಯ ಮನೆಗೆ ಹೋಗುವುದೆಂದಾಗಿತ್ತು. ಹೊಸಬರು ಬಂದರೆ ಮಾತ್ರ ಅಡ್ವಾನ್ಸು ವಾಪಸ್ಸು ಎಂದಿದ್ದರು ಮಾಲೀಕರು. ಆಸ್ಪತ್ರೆಯ ಸಾಲಕ್ಕೆ ಇದ್ದ ದಾರಿ ಅದೊಂದೇ. ಯಾರಾದರೂ ಮನೆ ನೋಡಲು ಬಂದರೆ ಇಸ್ತ್ರಿಯಕ್ಕ ಕೆಮ್ಮು ನುಂಗಿ, ದಿಂಬಿಗೊರಗಿ, "ಒಳ್ಳೆ ಗಾಳಿ ಬೆಳಕು. ನಾವು ಸ್ವಂತ ಮನೆಗೆ ಹೋಗ್ತಿದ್ದೀವಿ, ಅದಕ್ಕೇ ಬಿಡ್ತಿರೋದು," ಎನ್ನುತ್ತಿದ್ದಳು. ಅವಳ ಮುಖದ ಬಣ್ಣ ಕಂಡವರು ಮತ್ತೆ ಬರುತ್ತಿರಲಿಲ್ಲ.

ಆ ಬೆಳಿಗ್ಗೆ ಮನೆ ನೋಡಲು ಬಂದು ಬಾಗಿಲು ಬಡಿದವಳು ಶಾಲೆಗೆ ಹೊರಟಿದ್ದ ಒಬ್ಬ ಟೀಚರಮ್ಮ. ಬೀಗದವನ ಬಾಯಿಂದ ಬಂದ ಮಾತು: "ಮಲಗಿದ್ದಾಳೆ, ಮೆಲ್ಲಗೆ ಬನ್ನಿ."

ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಒಳಬಂದಳು. ಅಡುಗೆಮನೆಯ ನಲ್ಲಿಯನ್ನು ಸದ್ದಾಗದಂತೆ ಎಳೆಯಷ್ಟೇ ಬಿಟ್ಟು ನೋಡಿದಳು. ಹೊರಡುವಾಗ ಮಂಚದ ಹತ್ತಿರ ನಿಂತು, ಸರಿದಿದ್ದ ಹೊದಿಕೆಯನ್ನು ಎಳೆದು ಪಾದ ಮುಚ್ಚಿದಳು. ಅವನತ್ತ ತಿರುಗಿ, "ಮನೆ ಹಿಡಿಸ್ತು ಅಣ್ಣಾ. ಮಧ್ಯಾಹ್ನ ಬರ್ತೀನಿ," ಎಂದಳು.

ಅವಳು ಮೆಟ್ಟಿಲಿಳಿದ ಮೇಲೆ ಅವನು ನೆರೆಯವರನ್ನು ಕೂಗಿದ.

*

ವ್ಯಾನು ಹೊರಡುವ ಹೊತ್ತಿಗೆ ಟೀಚರಮ್ಮ ಬಂದಳು.

"ನೀವು ಹೋದ್ಮೇಲೆ ಇದ್ದಕ್ಕಿದ್ದ ಹಾಗೆ..." ಎಂದು ಅವನು ಶುರು ಮಾಡಿದ.

"ಬೇಡ ಬಿಡಿ ಅಣ್ಣಾ. ಪಾದ ಮುಚ್ಚುವಾಗ ಕೈ ತಾಗ್ತು, ಆಗ್ಲೇ ಗೊತ್ತಾಯ್ತು."

"ಮತ್ತೆ ಹಿಡಿಸ್ತು ಅಂದ್ರಿ?"

"ನಿಮ್ಮ ಮುಖ ನೋಡಿ ಬೇರೆ ಮಾತು ಬರ್ಲಿಲ್ಲ." ಅವಳು ಕೈಚೀಲ ಎದೆಗವಚಿಕೊಂಡಳು. "ಮನೇಲಿ ಚಿಕ್ಕ ಮಕ್ಕಳಿದಾವೆ. ಹೆದರ್ತವೆ. ತಪ್ಪು ತಿಳ್ಕೋಬೇಡಿ."

ಅವನು ತಲೆಯಾಡಿಸಿ ವ್ಯಾನು ಹತ್ತಿದ. ಈ ಸಲ ಕಾಲಿನ ಕಡೆ ಕುಳಿತ. ಪಾದಗಳನ್ನು ಆಗಲೇ ಬಟ್ಟೆಯಲ್ಲಿ ಸುತ್ತಿ ಬಿಗಿದಿದ್ದರು.

ಅಡ್ವಾನ್ಸು ಬರಲಿಲ್ಲ. ಜೀವ ಹೋದ ಮೇಲೆ ಅವಳನ್ನು ಮೊದಲು ಮುಟ್ಟಿದ್ದು ಮನೆ ನೋಡಲು ಬಂದವಳು.