ಮೂರನೇ ಪೀರಿಯಡ್ಡು

"ಒಂದು ಹೆಬ್ಬೆಟ್ಟು ಒತ್ತೋಕೆ ಏನೇ ಧಾಡಿ ನಿಂಗೆ? ಬೆರಳೇನು ಸವೆದು ಹೋಗುತ್ತಾ?"

ಹೆಡ್ಮಾಸ್ಟರು ಶಾಯಿಯ ಡಬ್ಬಿಯನ್ನು ಮೇಜಿನ ಅಂಚಿಗೆ ತಳ್ಳಿದರು. ಎದುರಿನ ಎರಡು ಕುರ್ಚಿಗಳೂ ಖಾಲಿ ಇದ್ದವು; ಬಕೆಟ್ಟಮ್ಮ ನಿಂತೇ ಇದ್ದಳು. ಹನ್ನೊಂದು ವರ್ಷದಿಂದ ಈ ಹೈಸ್ಕೂಲಿನ ಕಕ್ಕಸು ತೊಳೆಯುತ್ತಿರುವ ಅವಳಿಗೆ ಆ ಹೆಸರು ಇಟ್ಟವರು ಯಾರೋ, ಅಸಲು ಹೆಸರು ಈಗ ಯಾರ ನೆನಪಿನಲ್ಲೂ ಇರಲಿಲ್ಲ. ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡು ನಿಂತಿದ್ದ ಮಗಳು ಅದೇ ಶಾಲೆಯಲ್ಲಿ ಹತ್ತನೇ ತರಗತಿ. ಅವಳು ಮರಿ ಬಕೆಟ್ಟು.

"ಏನು ಬರ್ದಿದೆ ಅಂತ ಓದಿ ಹೇಳಿ ಸಾರ್."

"ನಿನ್ನ ಮಗಳು ಈ ವರ್ಷ ಪರೀಕ್ಷೆಗೆ ಕೂರಲ್ಲ, ನೀನಾಗೇ ಶಾಲೆ ಬಿಡಿಸ್ತಿದ್ದೀಯ ಅಂತ. ಮುಂದಿನ ವರ್ಷ ಹೊರಗಿಂದ ಕಟ್ಟಲಿ, ಯಾರು ಬೇಡ ಅಂದ್ರು? ಮೂರು ವರ್ಷದಿಂದ ನಮ್ಮ ರಿಸಲ್ಟು ನೂರಕ್ಕೆ ನೂರು. ಗೇಟಿನ ಮೇಲೆ ಬೋರ್ಡಿದೆ, ನೋಡಿಲ್ವಾ?"

"ನೋಡ್ದೆ ಏನು ಸಾರ್. ಅದನ್ನ ಒರೆಸೋಳೇ ನಾನು."

ಮೇಜಿನ ಪಕ್ಕ ನಿಂತಿದ್ದ ಜವಾನ ಕಿಸಕ್ಕನೆ ನಕ್ಕ. ಹೆಡ್ಮಾಸ್ಟರು ಕಣ್ಣು ಕೆಂಪಗೆ ಮಾಡಿದ್ದೇ ನಗು ನುಂಗಿಕೊಂಡ. ಪರೀಕ್ಷೆಗೆ ಕೂರುವವರ ಪಟ್ಟಿಯನ್ನು ಅವನು ನಾಲ್ಕು ಗಂಟೆಯೊಳಗೆ ಮೇಲಿನ ಕಚೇರಿಗೆ ಮುಟ್ಟಿಸಬೇಕಿತ್ತು. ಪಟ್ಟಿಯಿಂದ ಹೆಸರು ತೆಗೆಯಬೇಕಾದರೆ ಹೆತ್ತವರ ಕಾಗದ ಬೇಕು. ಅಂಥ ಏಳು ಕಾಗದಗಳು ಆಗಲೇ ಗಾಜಿನ ಗುಂಡಿನ ಕೆಳಗೆ ಬಿದ್ದಿದ್ದವು. ಉಳಿದದ್ದು ಇದೊಂದು.

"ಅವ್ಳು ಓದೋ ಹುಡುಗಿ ಸಾರ್. ಎಂಟನೇ ಕ್ಲಾಸಲ್ಲಿ ಲೆಕ್ಕಕ್ಕೆ ಎಪ್ಪತ್ತೊಂದು ಬಂದಿತ್ತು. ಬೀದಿಗೆಲ್ಲ ತೋರಿಸ್ಕೊಂಡು ಬಂದಿದ್ದೆ."

"ಕರಿಯೋ ಲೆಕ್ಕದ ಮೇಷ್ಟ್ರನ್ನ."

ಲೆಕ್ಕದ ಮೇಷ್ಟರು ಉತ್ತರ ಪತ್ರಿಕೆಯನ್ನು ಎರಡೇ ಬೆರಳಲ್ಲಿ ಹಿಡಿದು ತಂದರು, ಒದ್ದೆ ಒರೆಸುಬಟ್ಟೆ ಹಿಡಿದ ಹಾಗೆ.

"ನೂರಕ್ಕೆ ನಾಲ್ಕು. ಅದೂ ಗೆರೆ ನೆಟ್ಟಗೆ ಎಳೆದಿದ್ದಾಳೆ ಅಂತ. ತಲೇಲಿ ಏನಿದೆ ಇವಳಿಗೆ, ಫಿನಾಯಿಲಾ? ಬರೋದಾದ್ರೂ ಹೇಗೆ! ಎರಡು ವರ್ಷದಿಂದ ಮೂರನೇ ಪೀರಿಯಡ್ಡಲ್ಲಿ ಮುಖ ತೋರಿಸಿದ್ರೆ ತಾನೆ?"

ಬಕೆಟ್ಟಮ್ಮ ಮಗಳನ್ನು ನೋಡಿದಳು.

"ಮೂರನೇ ಪೀರಿಯಡ್ಡು ಲೆಕ್ಕವಾ?"

ಎರಡು ವರ್ಷದ ಹಿಂದೆ ಮೆಟ್ಟಿಲ ಮೇಲೆ ಜಾರಿ ಅವಳು ಸೊಂಟ ಉಳುಕಿಸಿಕೊಂಡಿದ್ದಳು. ಮೇಷ್ಟರ ಕಕ್ಕಸು ಮೇಲ್ಮಹಡಿಯಲ್ಲಿ. ನೀರು ಹೊತ್ತು ಹತ್ತಲಾರದೆ, "ಎರಡು ದಿನ ನನ್ನ ಮಗಳು ಮಾಡ್ತಾಳೆ ಸಾರ್" ಎಂದು ತಾನೇ ಬಾಯಿಬಿಟ್ಟು ಹೇಳಿದ್ದಳು. ಮೇಷ್ಟರ ಕೆಲಸ ಮಾಡಿಕೊಟ್ಟರೆ ಮಗಳ ಮೇಲೆ ಅವರ ಕಣ್ಣಿರುತ್ತದೆ, ಎರಡು ಮಾರ್ಕು ಹೆಚ್ಚಿಗೆ ಬಿದ್ದರೂ ಬಿದ್ದೀತು ಎಂಬ ಆಸೆಯೂ ಒಳಗೊಳಗೆ ಇತ್ತು. ಆ ಎರಡು ದಿನ ಮುಗಿಯಲೇ ಇಲ್ಲ. ಸಣ್ಣ ಬಿಡುವಿನಲ್ಲಿ ಮೇಷ್ಟರುಗಳೆಲ್ಲ ಹೋಗಿ ಬಂದ ಮೇಲೆ ತೊಳೆಯಬೇಕು, ಅಂದರೆ ಮೂರನೇ ಪೀರಿಯಡ್ಡು. ಕಕ್ಕಸಿನ ಬೀಗದ ಕೈ ಮಗಳ ಕಂಪಾಸ್ ಬಾಕ್ಸಿನಲ್ಲೇ ಉಳಿದುಬಿಟ್ಟಿತ್ತು. ಆ ಹೊತ್ತಿಗೆ ಯಾವ ಪಾಠ ಮಗಾ ಎಂದು ಕೇಳಿದಾಗೆಲ್ಲ, "ಆಟದ ಪೀರಿಯಡ್ಡು ಅವ್ವ" ಅಂದಿದ್ದಳು.

"ಯಾಕೇ ಸುಳ್ಳು ಹೇಳ್ದೆ?"

ಮಗಳು ನೆಲದಿಂದ ಕಣ್ಣು ಎತ್ತಲಿಲ್ಲ. "ನಿಜ ಹೇಳಿದ್ರೆ ನನ್ನ ಆ ಕೆಲ್ಸದಿಂದ ಬಿಡಿಸ್ತಿದ್ದೆ. ಬಿಡಿಸಿದ್ರೆ ಇವ್ರು ನಿನ್ನ ತೆಗೀತಿದ್ರು."

ಬಕೆಟ್ಟಮ್ಮ ಲೆಕ್ಕದ ಮೇಷ್ಟರ ಕಡೆ ತಿರುಗಿದಳು. "ದಿನಾ ಹಾಜರಿ ಹಾಕಿದ್ದೀರಲ್ಲ ಸಾರ್?"

"ಹಾಕ್ದೆ ಏನು? ಶಾಲೇಲೇ ಇದ್ಲಲ್ಲ."

"ಸಾಕು ನಿನ್ನ ತಲೆಹರಟೆ" ಅಂದರು ಹೆಡ್ಮಾಸ್ಟರು. "ಒತ್ತಿದ್ರೆ ಒತ್ತು, ಇಲ್ದಿದ್ರೆ ನಾಳೆಯಿಂದ ಬರಬೇಡ. ನಿನ್ನಂಥ ಮುಂಡೇವು ಗೇಟಿನಾಚೆ ಸಾಲು ನಿಂತಿವೆ." ಅವಳ ಕೈ ಹಿಡಿಯಲು ಹೋದವರು ಮುಟ್ಟಲು ಅಸಹ್ಯಪಟ್ಟು ಜವಾನನಿಗೆ ಕಣ್ಸನ್ನೆ ಮಾಡಿದರು. ಅವನು ಅವಳ ಹೆಬ್ಬೆರಳನ್ನು ಶಾಯಿಗೆ ಅದ್ದಿ ಕಾಗದದ ಹತ್ತಿರ ತಂದ.

ಅವಳು ಕೈ ಕಿತ್ತುಕೊಂಡಳು. ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಮೇಲೆ ಕೆಲ್ಸ ಇದೆ ಸಾರ್. ಮೂರನೇ ಪೀರಿಯಡ್ಡು."

ಮಗಳನ್ನು ಕರೆದುಕೊಂಡು ಹೊರಗೆ ಬಂದವಳೇ ಅವಳ ಕಂಪಾಸ್ ಬಾಕ್ಸು ತೆಗೆದು ಬೀಗದ ಕೈ ಎತ್ತಿಕೊಂಡಳು. "ಹೋಗಿ ಕ್ಲಾಸಲ್ಲಿ ಕೂತ್ಕೋ."

"ಏನೂ ಅರ್ಥ ಆಗಲ್ಲ ಅವ್ವ."

"ಆಗದಿದ್ರೂ ಕೂತ್ಕೋ. ಯಾರು ಎಬ್ಬಿಸಿದ್ರೂ ಏಳಬೇಡ."

ಸೊಂಟಕ್ಕೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಷ್ಟರ ಕಕ್ಕಸಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಅಡ್ಡವಾಗಿ ಬಕೆಟ್ಟು ಬೋರಲು ಹಾಕಿ ಕುಳಿತಳು. ಹೆಡ್ಮಾಸ್ಟರಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಮೇಲೆ ಬರಲೇಬೇಕು. ಅದು ಅವರ ಡಾಕ್ಟರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

ಹತ್ತು ನಿಮಿಷವಾಗುವಷ್ಟರಲ್ಲಿ ಜವಾನ ಏದುಸಿರು ಬಿಡುತ್ತ ಬಂದ. "ಬೀಗ ತೆಗಿಯೇ, ಸಾಹೇಬ್ರಿಗೆ ಅರ್ಜೆಂಟು."

"ಕೆಳಗೆ ಮಕ್ಕಳದ್ದಿದೆ."

"ಅದಕ್ಕೆ ಬಾಗಿಲೇ ಇಲ್ವಲ್ಲೇ!"

"ಹುಡುಗೀರು ಹೋಗಲ್ವಾ? ನಿಮ್ಮ ಸಾಹೇಬ್ರಿಗೆ ಅವ್ರಿಗಿಂತ ನಾಚಿಕೆಯೇನೋ?"

"ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಕೆಲ್ಸಕ್ಕೂ ಕಲ್ಲು ಹಾಕ್ಬೇಡ."

"ಪಟ್ಟಿ ತಗೊಂಡು ಬಾ. ಅದ್ರಲ್ಲಿ ಹೆಸರಿದೆ ಅಂತ ನನ್ನ ಮಗಳು ಓದಿ ಹೇಳಲಿ, ತೆಗೀತೀನಿ."

"ಬೀಗ ಒಡೆಸ್ತಾರೆ. ಪೊಲೀಸ್ರನ್ನ ಕರೆಸ್ತಾರೆ."

"ಕರೆಸ್ಲಿ ಹೋಗೋ ಬೋಳಿಮಗನೆ. ಒಡೆಸಿ ಒಳಗೆ ಹೋದ್ಮೇಲೆ ತೊಳೆಯೋರು ಯಾರು?"

ಕೆಳಗಿನ ಮೆಟ್ಟಿಲಲ್ಲಿ ಹೆಡ್ಮಾಸ್ಟರ ಬೂಟಿನ ಸದ್ದು ದಡದಡನೆ ಶುರುವಾಯಿತು. ಬಕೆಟ್ಟಮ್ಮ ಏಳಲಿಲ್ಲ. ಎದುರಿಗೇ ಹತ್ತನೇ ತರಗತಿಯ ಕಿಟಕಿ.

"ಮರಿ ಬಕೆಟ್ಟು, ಇಲ್ಲೇನೇ ನಿಂಗೆ ಕೆಲ್ಸ? ಏಳು ಮೇಲೆ!" ಲೆಕ್ಕದ ಮೇಷ್ಟರ ದನಿ. ಹಿಂದೆಯೇ ಇಡೀ ತರಗತಿಯ ನಗು.

ಮಗಳು ಏಳಲಿಲ್ಲ. ಕಂಪಾಸ್ ಬಾಕ್ಸಿನಿಂದ ಸ್ಕೇಲು ತೆಗೆದು ಹೊಸ ಹಾಳೆಗೆ ನೆಟ್ಟಗೆ ಒಂದು ಗೆರೆ ಎಳೆದಳು. ಬೋರ್ಡಿನ ಮೇಲೆ ಇದ್ದದ್ದನ್ನೆಲ್ಲ, ಒಂದಕ್ಷರವೂ ಅರ್ಥವಾಗದೆ, ಬರೆದುಕೊಳ್ಳತೊಡಗಿದಳು. ಮೇಷ್ಟರು ಡಸ್ಟರು ಕೈಗೆತ್ತಿಕೊಂಡು ಬೋರ್ಡಿನ ಮೊದಲ ಸಾಲಿನಿಂದ ಅಳಿಸುತ್ತ ಬಂದರು.